ಹೆಸರು ಬೇಡ, ಉದ್ಯೋಗ ಬೇಡ

ಜನವರಿ ೯

ಅಕ್ಕಾ,

ಹೊಸ ವರ್ಷದ ಪತ್ರವನ್ನು ಹೊಸ ವರ್ಷ ಹಳತಾದ ಮೇಲೆ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಕೊನೆಯವರೆಗೆ ಓದಿ ಆಮೇಲೆ ಬೈ. ಈ ಸಲ ನಿನ್ನ ತಮ್ಮ ಒಂದು ಒಳ್ಳೆಯ ಕೆಲಸ ಮಾಡಿದ್ದಾನೆ.

ಕಳೆದ ಮಳೆಗಾಲದಲ್ಲಿ ಒಬ್ಬ ಹೆಂಗಸು ಆಸ್ಪತ್ರೆಯ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಬಟ್ಟೆ ಚೀಲ, ಚೀಲದ ತುಂಬ ಸ್ಕ್ಯಾನು. ಮೂರು ಆಸ್ಪತ್ರೆ ಸುತ್ತಿದ್ದಾಳೆ, ಮೂರರಲ್ಲೂ ಅದೇ ಸ್ಕ್ಯಾನನ್ನು ಮತ್ತೆ ಮತ್ತೆ ಮಾಡಿಸಿದ್ದಾರೆ. ಒಬ್ಬರು "ಕತ್ತರಿಸೋಣ" ಅಂದರಂತೆ, ಇನ್ನೊಬ್ಬರು "ಕತ್ತರಿಸಬೇಡಿ, ವಿಕಿರಣ ಕೊಡೋಣ" ಅಂದರಂತೆ, ನನ್ನಂಥ ಔಷಧಿ ಡಾಕ್ಟರು "ಮೊದಲು ಔಷಧಿ" ಅಂದರಂತೆ. ಕುರುಡರು ಆನೆ ಮುಟ್ಟಿ ನೋಡಿದ ಕಥೆಯೇ. ಮೂವರೂ ಒಬ್ಬರಿಗೊಬ್ಬರು ಒಂದು ಮಾತು ಆಡಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಇದ್ದಬದ್ದದ್ದೆಲ್ಲ ಮಾರಿಹೋಗಿತ್ತು, ಗೆಡ್ಡೆ ಮಾತ್ರ ತನ್ನ ಪಾಡಿಗೆ ಬೆಳೆದಿತ್ತು. ಆಕೆ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದು, "ಇದರಲ್ಲಿ ನಿಜ ಯಾವುದು ಸಾರ್?" ಎಂದಳು. ಕ್ಯಾನ್ಸರ್ ನೋಡಿ ಅಭ್ಯಾಸವಾಗಿದೆ ಅಕ್ಕಾ, ಇದು ಅಭ್ಯಾಸವಿರಲಿಲ್ಲ.

ಈಗ ಆರು ಆಸ್ಪತ್ರೆಗಳ ಕ್ಯಾನ್ಸರ್ ಡಾಕ್ಟರುಗಳು ಸೇರಿ ಒಂದು ಕೂಟ ಕಟ್ಟಿಕೊಂಡಿದ್ದೇವೆ. ಬುಧವಾರ ಮಧ್ಯಾಹ್ನ ಎಲ್ಲರೂ ಪರದೆಯ ಮುಂದೆ ಕೂರುವುದು, ಒಂದೊಂದೇ ಕೇಸು ತೆಗೆದುಕೊಂಡು ಜಗಳವಾಡುವುದು, ಎದ್ದು ಹೋಗುವ ಮೊದಲು ಒಂದೇ ತೀರ್ಮಾನಕ್ಕೆ ಬರುವುದು. ನಮ್ಮ ಶಸ್ತ್ರಚಿಕಿತ್ಸಕರಿಗೆ ನಾನು ಇಟ್ಟ ಹೆಸರು ಕತ್ತರಿ ಸಾಹೇಬರು. ವಿಕಿರಣ ನೋಡಿಕೊಳ್ಳುವವರು ಕಿರಣದ ಮೇಡಂ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಆದರೂ ಮೊದಲ ತಿಂಗಳಲ್ಲೇ ಎಷ್ಟೋ ಜನರಿಗೆ ಬೇಡದ ಸ್ಕ್ಯಾನು, ಬೇಡದ ಆಪರೇಷನ್ನು ತಪ್ಪಿತು.

ಇದರಲ್ಲಿ ನನ್ನದೇ ಆದ ಒಂದು ನಿಯಮವಿದೆ. ಶುರುವಿನಲ್ಲಿ ಇಬ್ಬರು ಹೆಂಗಸರ ಕೇಸು ಒಂದೇ ದಿನ ಬಂದಿತ್ತು. ಒಂದೇ ಗೆಡ್ಡೆ, ಒಂದೇ ಹಂತ. ಒಬ್ಬಾಕೆ ಕಾರ್ಖಾನೆ ಮಾಲೀಕರ ಹೆಂಡತಿ, ಇನ್ನೊಬ್ಬಾಕೆ ಮನೆ ಮನೆಗೆ ಹೋಗಿ ಬಟ್ಟೆ ಒಗೆಯುವವಳು. ಮೊದಲನೆಯಾಕೆಗೆ ದುಬಾರಿ ಹೊಸ ಔಷಧಿ, ಎರಡನೆಯಾಕೆಗೆ "ಹಳೇದೇ ಸಾಕು" ಅಂತ ತೀರ್ಮಾನವಾಯಿತು. ಯಾರೂ ಬೇಕೆಂದು ಮಾಡಿದ್ದಲ್ಲ, ಬಾಯಿಗೆ ಹಾಗೇ ಬಂತು. ನನಗೆ ಮೈ ಉರಿಯಿತು. ಮುಂದಿನ ವಾರವೇ ನಿಯಮ ಮಾಡಿಸಿದೆ: ಕೇಸಿನಲ್ಲಿ ಹೆಸರು ಬೇಡ, ಊರು ಬೇಡ, ಉದ್ಯೋಗ ಬೇಡ. ವಯಸ್ಸು, ಗೆಡ್ಡೆ, ರಕ್ತ, ಮೂತ್ರಪಿಂಡ ಅಷ್ಟೇ ಸಾಕು. ಮುಖ ನೋಡಿ ಮಣೆ ಹಾಕುವುದು ನಿಂತಿತು.

ಈಗ ಬೈ.

ನಿನ್ನ ಡುಮ್ಮ

*

ಜನವರಿ ೩೦

ಡುಮ್ಮಾ,

ಕೊನೆಯವರೆಗೂ ಓದಿದೆ, ಎರಡು ಸಲ ಓದಿದೆ. ಬೈಗುಳ ಸದ್ಯಕ್ಕೆ ಬಾಕಿ. ಚಿಕ್ಕವನಿದ್ದಾಗ ತಟ್ಟೆಯಲ್ಲಿದ್ದ ದೊಡ್ಡ ಚೂರು ಯಾರಿಗೆ ಅಂತ ರಂಪ ಮಾಡುತ್ತಿದ್ದವನು ಈಗ ಊರಿಗೆಲ್ಲ ಸಮಪಾಲು ಹಂಚುತ್ತಿದ್ದೀಯ. ಅಮ್ಮ ಇದ್ದಿದ್ದರೆ ಅಕ್ಕಪಕ್ಕದ ಮನೆಯವರ ಕಿವಿ ತೂತಾಗುವ ಹಾಗೆ ಹೇಳಿಕೊಂಡು ಬರುತ್ತಿದ್ದಳು.

ನನ್ನದೇನು, ಅದೇ ಅಂಗಡಿ, ಅದೇ ಪಿಯಾನೊ. ನೀನು ಅದನ್ನು ಟಿಂಗ್ ಟಿಂಗ್ ಕೆಲಸ ಅನ್ನುತ್ತೀಯ, ಅನ್ನು. ಹೋದ ವಾರ ಶಾಲೆಯ ಸಭಾಂಗಣದ ಪಿಯಾನೊ ಸರಿ ಮಾಡಲು ಕರೆದಿದ್ದರು. ಮುಚ್ಚಳ ತೆಗೆದರೆ ಒಳಗೆ ಇಲಿ ಸಂಸಾರ ಹೂಡಿದೆ! ಹೆಡ್‌ಮಿಸ್ಸು ಕುರ್ಚಿ ಹತ್ತಿ ಕಿರುಚಿದರು. ಇಲಿಯನ್ನು ಓಡಿಸಿ, ತಂತಿ ಒರೆಸಿ, ಶ್ರುತಿ ಮಾಡುವಷ್ಟರಲ್ಲಿ ಸಂಜೆಯಾಯಿತು. ಒಂದೊಂದು ಸ್ವರಕ್ಕೆ ಮೂರು ತಂತಿ ಇರುತ್ತದೆ, ನಿನಗೆ ಹಿಂದೆ ಹೇಳಿದ್ದೆ, ನೀನು ಆಕಳಿಸಿದ್ದೆ. ಅವು ಒಂದಕ್ಕೊಂದು ಕೂಡದಿದ್ದರೆ ನಡುವೆ ಸಣ್ಣ ನಡುಕ ಕೇಳಿಸುತ್ತದೆ. ಆ ನಡುಕ ನಿಲ್ಲುವವರೆಗೆ ಬಿಗಿ ಮಾಡುವುದು, ಸಡಿಲ ಮಾಡುವುದು. ಇಷ್ಟೇ ನನಗೆ ಬರುವ ವಿದ್ಯೆ. ಕಣ್ಣಿಗೆ ಕನ್ನಡಕ ಬಂದಿದೆ, ಮೊಣಕಾಲು ಮಾತು ಕೇಳುವುದಿಲ್ಲ, ಕಿವಿಯೊಂದೇ ನಿಯತ್ತಾಗಿದೆ.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಊರಿನ ಆಸ್ಪತ್ರೆಯೂ ನಿಮ್ಮ ಕೂಟದಲ್ಲಿದೆಯಂತೆ. ನನಗೆ ಗೊತ್ತಿರುವ ಒಬ್ಬಳಿಗೆ ಗರ್ಭಕೋಶದ ಬಾಯಲ್ಲಿ ಗೆಡ್ಡೆ ಅಂದಿದ್ದಾರೆ. ಇಲ್ಲಿಯ ಡಾಕ್ಟರು, ಕನ್ನಡಕ ಹಾಕಿಕೊಂಡ ಒಬ್ಬ ತೆಳ್ಳಗಿನವರು, ಕೇಸನ್ನು ನಿಮ್ಮ ಮುಂದೆ ಇಡುತ್ತೇನೆ ಅಂದಿದ್ದಾರಂತೆ. ಅವಳು ಅಲ್ಲಿಗೆ ಬರಬೇಕಾಗಿಲ್ಲ ತಾನೇ? ನೀವು ಹೇಳಿದ್ದನ್ನು ಇಲ್ಲೇ ಮಾಡುತ್ತಾರೆ ತಾನೇ? ಅವಳು ಹೆದರಿದ್ದಾಳೆ, ಹೆದರಿಲ್ಲ ಅನ್ನುತ್ತಾಳೆ. ಅದಕ್ಕೆ ಕೇಳಿದೆ.

ಹೊಟ್ಟೆ ನೋಡಿಕೊಂಡು ಉಣ್ಣು.

ಅಕ್ಕ

*

ಫೆಬ್ರವರಿ ೨೧

ಅಕ್ಕಾ,

ನಿನ್ನ ಪರಿಚಯದವರಿಗೆ ಧೈರ್ಯ ಹೇಳು. ಎಲ್ಲಿಗೂ ಬರಬೇಕಾಗಿಲ್ಲ, ನಾವು ಹೇಳಿದ್ದನ್ನು ಅಲ್ಲೇ ಮಾಡುತ್ತಾರೆ. ಹೋದ ಬುಧವಾರ ನಿಮ್ಮ ಊರಿನ ಆ ಕನ್ನಡಕದ ಡಾಕ್ಟರು ಅಂಥದ್ದೇ ಒಂದು ಕೇಸು ಇಟ್ಟರು. ನಿನ್ನವಳೇ ಇರಬಹುದು, ಬೇರೆ ಯಾರೋ ಇರಬಹುದು. ಹೆಸರಿಲ್ಲವಲ್ಲ, ನನಗೆ ಗೊತ್ತಿಲ್ಲ, ಗೊತ್ತಾಗಬಾರದು ಕೂಡ.

ಆ ದಿನ ನಡೆದ ಜಗಳ ಕೇಳಿದರೆ ನಗುತ್ತೀಯ. ವಿಕಿರಣ ಕೊಡಬೇಕು ಅನ್ನುವುದರಲ್ಲಿ ತಕರಾರಿಲ್ಲ. ಜೊತೆಗೆ ಯಾವ ಔಷಧಿ ಅನ್ನುವುದೇ ಪ್ರಶ್ನೆ. ಹಳೆಯದೊಂದಿದೆ, ಅಗ್ಗ, ಗೆಡ್ಡೆಯ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವರಿಗೆ ಕಿವಿಯಲ್ಲಿ ಗುಂಯ್ ಅನ್ನಿಸುತ್ತದೆ, ಕೇಳಿಸುವುದು ಸ್ವಲ್ಪ ಕಡಿಮೆಯಾಗುತ್ತದೆ. ಹೊಸದೊಂದಿದೆ, ಕಿವಿಯ ತಂಟೆಗೆ ಹೋಗುವುದಿಲ್ಲ, ಬೆಲೆ ಎಷ್ಟೋ ಪಟ್ಟು. ಕಿರಣದ ಮೇಡಂ ಸುಮ್ಮನಿರದೆ, "ಈಕೆಗೆ ಕಿವಿ ಎಷ್ಟು ಮುಖ್ಯ ಅಂತ ಯಾರಾದ್ರೂ ಕೇಳಿದೀರಾ?" ಅಂದರು. ನಾನು, "ಎಲ್ರಿಗೂ ಕಿವಿ ಮುಖ್ಯಾನೇ ಮೇಡಂ, ಜೀವ ಅದಕ್ಕಿಂತ ಒಂಚೂರು ಜಾಸ್ತಿ ಮುಖ್ಯ" ಅಂದೆ. ಎಲ್ಲರೂ ನಕ್ಕರು. ನಿಮ್ಮ ಊರಿನ ಡಾಕ್ಟರು ಪರದೆಯಲ್ಲಿ ಕೈ ಎತ್ತಿ, "ಸಾರ್, ಆಕೆ ಏನು ಕೆಲಸ ಮಾಡ್ತಾರೆ ಅಂದ್ರೆ..." ಎಂದು ಶುರುಮಾಡಿದರು. ನಾನು ಮೇಜು ತಟ್ಟಿ, "ಡಾಕ್ಟ್ರೇ, ನಿಯಮ!" ಅಂದೆ. ಪಾಪ, ಕೈ ಇಳಿಸಿಕೊಂಡರು. ಮತ್ತೆ ನಗು.

ಹಳೆಯ ಔಷಧಿಯೇ ಅಂತ ತೀರ್ಮಾನವಾಯಿತು. ಅದರಿಂದ ಉಳಿಯುವ ದುಡ್ಡಿನಲ್ಲಿ ಇನ್ನೂ ಇಬ್ಬರಿಗೆ ಪೂರ್ತಿ ಚಿಕಿತ್ಸೆ ಕೊಡಬಹುದು. ಕೂಟಕ್ಕೆ ಬರುವ ಹಣ ಅಕ್ಷಯಪಾತ್ರೆಯಲ್ಲ. ಮನೆಗೆ ಬರುವಾಗ ಮನಸ್ಸು ಹಗುರವಾಗಿತ್ತು.

ನಿನ್ನ ಇಲಿ ಸಂಸಾರದ ಸುದ್ದಿಯನ್ನು ನಮ್ಮ ನರ್ಸಮ್ಮನಿಗೆ ಓದಿ ಹೇಳಿದೆ. ಇಡೀ ವಾರ್ಡು ನಕ್ಕಿತು.

ನಿನ್ನ ಡುಮ್ಮ

*

ಮಾರ್ಚ್ ೨೪

ಅಕ್ಕಾ,

ತಿಂಗಳಾಯಿತು, ಉತ್ತರವಿಲ್ಲ. ಕೋಪವೋ, ಕೆಲಸವೋ? ಎರಡು ಸಾಲಾದರೂ ಗೀಚು.

ಡುಮ್ಮ

*

ಏಪ್ರಿಲ್ ೨

ಡುಮ್ಮಾ,

ಕೂತು ಓದು. ನಿಂತು ಓದಬೇಡ.

ನಾನು ಹೇಳಿದ ಆ ಪರಿಚಯದವಳು ನಾನೇ.

ಡಿಸೆಂಬರಿನಲ್ಲೇ ಗೊತ್ತಾಯಿತು. ನಿನಗೆ ಬರೆಯಬೇಕೆಂದು ಹಾಳೆ ತೆಗೆದಿಟ್ಟಿದ್ದೆ, ಅಷ್ಟರಲ್ಲಿ ನಿನ್ನ ಜನವರಿಯ ಪತ್ರ ಬಂತು. ಮುಖ ನೋಡಿ ಮಣೆ ಹಾಕುವುದು ನಿಂತಿತು ಅಂತ ಎಷ್ಟು ಹಿಗ್ಗಿ ಬರೆದಿದ್ದೆ! ಅದನ್ನು ಓದಿದ ಮೇಲೆ ನಾನೇ ಹೋಗಿ ಮುಖ ತೋರಿಸಿ ಮಣೆ ಕೇಳುವುದೇ? ನಿನಗೆ ಧರ್ಮಸಂಕಟ, ನಿನ್ನ ಕತ್ತರಿ ಸಾಹೇಬರಿಗೆ ತಮಾಷೆ. ಹೆಸರಿಲ್ಲದ ಹೆಂಗಸಾಗಿಯೇ ಹೋಗೋಣ, ನನ್ನ ತಮ್ಮ ಯಾರಿಗಾದರೂ ಒಳ್ಳೆಯದನ್ನೇ ಹೇಳುತ್ತಾನೆ ಅಂದುಕೊಂಡೆ.

ಮೊದಲ ಸಲ ಔಷಧಿ ಏರಿಸುವ ದಿನ ಇಲ್ಲಿಯ ಡಾಕ್ಟರು ನನ್ನ ಮಂಚದ ಪಕ್ಕ ಕೂತು, "ಅಮ್ಮಾ, ಇದು ಕಿವಿಗೆ ತೊಂದರೆ ಕೊಡಬಹುದು. ನಿಮ್ಮ ಕೆಲಸ ನೋಡಿದ್ರೆ... ಇನ್ನೊಂದ್ಸಲ ಯೋಚನೆ ಮಾಡಿ" ಅಂದರು. ನಾನು, "ಕೂಟ ಹೇಳಿದೆಯಲ್ಲ ಡಾಕ್ಟ್ರೇ, ನೀವು ಕೊಡಿ" ಅಂದೆ. ಆತ ಎದ್ದು ನರ್ಸಿಗೆ ಏರಿಸಲು ಹೇಳಿದರು. ನಾಲ್ಕು ದಿನ ಬಿಟ್ಟು ನಿನ್ನ ಫೆಬ್ರವರಿಯ ಪತ್ರ ಬಂತು. ನೀನು ಮೇಜು ತಟ್ಟಿದ್ದು ಯಾರ ಮೇಲೆ ಅಂತ ತಿಳಿಯಿತು. ಆಗಲೂ, ಜೀವಕ್ಕಿಂತ ಕಿವಿ ದೊಡ್ಡದಲ್ಲ, ನನ್ನ ತಮ್ಮ ಸರಿಯಾಗಿಯೇ ಹೇಳಿದ್ದಾನೆ ಅಂದುಕೊಂಡು ಎರಡನೆಯ ಸಲವೂ ಏರಿಸಿಕೊಂಡೆ.

ಆಮೇಲೆ ಕಿವಿಯಲ್ಲಿ ಜೀರುಂಡೆ ಕೂತ ಹಾಗೆ ಸದ್ದು ಶುರುವಾಯಿತು. ಹೋಗುತ್ತದೆ ಬಿಡು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆ ಅನ್ನುವ ಭಯ. ಹೋದ ವಾರ ಸಂಗೀತದ ಮೇಷ್ಟರ ಮನೆಯ ಪಿಯಾನೊ ಶ್ರುತಿ ಮಾಡಿ ಬಂದೆ. ಮರುದಿನ ಅವರು ಅಂಗಡಿಗೆ ಬಂದು, ಸಂಕೋಚದಿಂದ ಮುದುಡಿ, "ಮೇಲಿನ ಸ್ವರಗಳು ಯಾಕೋ ಕೂಡ್ತಾ ಇಲ್ಲ ಅನ್ಸುತ್ತೆ" ಅಂದರು. ನನಗೆ ರೇಗಿತು. "ನಿಮಗೆ ವಯಸ್ಸಾಯ್ತು ಮೇಷ್ಟ್ರೇ, ಕಿವಿ ತೋರಿಸ್ಕೊಳ್ಳಿ" ಅಂದುಬಿಟ್ಟೆ. ಆದರೂ ಮತ್ತೆ ಹೋದೆ. ಬಲತುದಿಯ ತಂತಿ ಬಿಗಿ ಮಾಡಿದೆ. ಸಾಲದು ಅನಿಸಿತು, ಇನ್ನೂ ಬಿಗಿ ಮಾಡಿದೆ. ತಂತಿ ಪಟ್ಟನೆ ಹರಿದು ನನ್ನ ಮುಂಗೈಗೆ ಬಡಿಯಿತು. ಅಷ್ಟು ಬಿಗಿ ಮಾಡಿದ್ದು ನಾನೇ ಅಂತ ನಂಬಲಾಗಲಿಲ್ಲ. ಪಕ್ಕದ ಕೀ ಒತ್ತಿದೆ. ಮರಕ್ಕೆ ಮರ ಬಡಿದ ಸದ್ದು ಬಂತು, ಸ್ವರ ಬರಲಿಲ್ಲ. ಅದರ ಪಕ್ಕದ್ದು, ಟಕ್. ಅದರ ಪಕ್ಕದ್ದೂ ಟಕ್. ಕಾಫಿ ತಂದು ನಿಂತಿದ್ದ ಮೇಷ್ಟರ ಹೆಂಡತಿ ಹುಬ್ಬು ಗಂಟಿಕ್ಕಿ, "ಅಬ್ಬಾ, ಎಷ್ಟು ಜೋರಾಗಿ ಬಾರಿಸ್ತೀರಿ!" ಅಂದು ಕಿವಿ ಮುಚ್ಚಿಕೊಂಡರು.

ಅವರಿಗೆ ಕೇಳಿಸುತ್ತಿದೆ ಡುಮ್ಮಾ. ನನಗೆ ಇಲ್ಲ.

ಮೂರನೆಯ ಸಲ ಏರಿಸುವುದು ಮುಂದಿನ ವಾರ. ಈಗ ಹೋಗಿರುವುದು ಮೇಲಿನ ಸ್ವರ ಮಾತ್ರ. ಇದು ಇಲ್ಲಿಗೇ ನಿಲ್ಲುತ್ತದೋ, ಕೆಳಗೂ ಇಳಿಯುತ್ತದೋ, ಅದನ್ನು ಹೇಳು. ಬೇರೆ ಏನೂ ಹೇಳಬೇಡ.

ಅಕ್ಕ

*

ಏಪ್ರಿಲ್ ೧೦

ಅಕ್ಕಾ,

ನಿನ್ನ ಮನೆಗೆ ಓಡಿ ಬಂದು ನಾನು ಆಡಿದ ಮಾತುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ಯಾಕೆ ಮುಚ್ಚಿಟ್ಟೆ ಅಂತ ನಿನ್ನ ಮೇಲೆಯೇ ಕೂಗಾಡಿದೆನಲ್ಲ, ಆ ಬಾಯಿಗೆ ಹುಳ ಬೀಳಲಿ. ನೀನು ನನ್ನನ್ನು ಅಂಗಡಿಯ ಪಿಯಾನೊದ ಮುಂದೆ ಕೂರಿಸಿ "ಒತ್ತುತ್ತಾ ಹೋಗು, ಕೇಳಿಸೋದು ನಿಂತಾಗ ಹೇಳ್ತೀನಿ" ಅಂದೆ. ನಾನು ಒತ್ತುತ್ತಾ ಹೋದೆ. ನೀನು ಕೈ ಎತ್ತಿದೆ. ನನಗೆ ಅಲ್ಲಿಂದ ಮುಂದೆಯೂ ನಿಚ್ಚಳವಾಗಿ ಕೇಳಿಸುತ್ತಿತ್ತು. ಬಸ್ಸಿನಲ್ಲಿ ಬರುವಾಗಲೂ ನನ್ನ ಬೆರಳು ತೊಡೆಯ ಮೇಲೆ ಒತ್ತುತ್ತಲೇ ಇತ್ತು.

ಬುಧವಾರ ಕೂಟದಲ್ಲಿ ಎದ್ದು ನಿಂತು ಹೇಳಿದೆ, ಆ ಕೇಸು ನನ್ನ ಅಕ್ಕ, ಔಷಧಿ ಬದಲಾಯಿಸಬೇಕು ಅಂತ. ಕತ್ತರಿ ಸಾಹೇಬರು, "ನಿಯಮ ನಿಮ್ದೇ ಡಾಕ್ಟ್ರೇ. ನಿಮ್ಮ ಅಕ್ಕ ಅಂತ ಬದಲಾಯಿಸೋದಾದ್ರೆ ನಮ್ಮ ಅತ್ತೇದು ನಾನೂ ಈಗ್ಲೇ ಹೇಳಿಟ್ಟಿರ್ತೀನಿ" ಅಂದರು. ಕುಹಕವಲ್ಲ ಅಕ್ಕಾ, ಅವರ ಮುಖವೂ ಬಿಳುಚಿಕೊಂಡಿತ್ತು. ನಾನು ಇನ್ನೊಬ್ಬರಿಗೆ ಹೇಳಬೇಕಾಗಿದ್ದ ಮಾತನ್ನೇ ಅವರು ನನಗೆ ಹೇಳಿದ್ದರು.

ಆಗ ಕಿರಣದ ಮೇಡಂ, "ಅಕ್ಕ ಅಂತ ಅಲ್ಲ ಸಾರ್, ಆಕೆ ಕಿವಿಯಿಂದ ಬದುಕೋರು ಅಂತ. ಇದನ್ನ ನಾನು ಆವತ್ತೇ ಕೇಳಿದ್ದೆ. ನೀವೆಲ್ಲ ನಕ್ಕಿರಿ" ಅಂದರು. ದನಿ ಏರಿಸಲಿಲ್ಲ. ಆಮೇಲೆ ನಿಮ್ಮ ಊರಿನ ಡಾಕ್ಟರ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ?" ಎಂದು ಕೇಳಿದರು. ಆತ, "ಗೊತ್ತಿತ್ತು ಮೇಡಂ. ನಮ್ಮ ಮಗಳ ಶಾಲೆ ಪಿಯಾನೊ ಅವರೇ ಸರಿ ಮಾಡೋದು. ಹೇಳೋಕೆ ಹೋದೆ..." ಅಂದರು. ನಾನು ಹೊರಗೆ ಬಂದೆ. ನಿನ್ನ ಕೇಸಿನ ತೀರ್ಮಾನದಲ್ಲಿ ನಾನು ಕೂರುವ ಹಾಗಿರಲಿಲ್ಲ. ಹೊರಗೆ ಕಾರಿಡಾರಿನ ಬೆಂಚಿನಲ್ಲಿ, ರೋಗಿಗಳ ಮನೆಯವರು ಕೂರುವ ಕಡೆ ಕೂತು ಕಾದೆ. ಎಷ್ಟೋ ವರ್ಷದಿಂದ ಆ ಬೆಂಚಿನ ಮುಂದೆ ಓಡಾಡಿದ್ದೇನೆ, ಕೂತಿದ್ದು ಅದೇ ಮೊದಲು.

ಔಷಧಿ ಬದಲಾಯಿಸಿದ್ದಾರೆ. ಮುಂದಿನ ಸಲದಿಂದ ಹೊಸದು. ನೀನು ಕೇಳಿದ ಪ್ರಶ್ನೆಗೆ ಉತ್ತರ: ಹೋದದ್ದು ಬರುವುದಿಲ್ಲ. ಹಳೆಯ ಔಷಧಿ ಮೈಯಲ್ಲಿ ಇರುವಷ್ಟು ದಿನ ಇನ್ನೂ ಸ್ವಲ್ಪ ಹೋಗಬಹುದು, ಆಮೇಲೆ ನಿಲ್ಲಬೇಕು. ನಿಲ್ಲುತ್ತದೆ ಅಂತ ಬರೆಯಲು ಕೈ ಬಂದಿತ್ತು. ಬರೆಯಲಿಲ್ಲ. ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ.

ನನ್ನ ಮೇಲೆ ಕೋಪವಿದೆಯಾ?

ಡುಮ್ಮ

*

ಏಪ್ರಿಲ್ ೧೭

ಇದೆ.

ಹೊಸ ಔಷಧಿ ಏರಿಸಿದರು. ವಾಂತಿ ಕಡಿಮೆ. ಕೋಪ ಇಳಿದಾಗ ಬರೆಯುತ್ತೇನೆ. ಅಲ್ಲಿಯವರೆಗೆ ಬರಬೇಡ. ಬಂದರೆ ನಾನು ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅಷ್ಟು ಶಕ್ತಿ ನನ್ನಲ್ಲಿಲ್ಲ.

ಅಕ್ಕ

*

ಜೂನ್ ೨೨

ಅಕ್ಕಾ,

ಬರಬೇಡ ಅಂದೆ, ಬಂದಿಲ್ಲ. ಬರೆಯಬೇಡ ಅಂದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಸುದ್ದಿಯೆಲ್ಲ ಕನ್ನಡಕದ ಡಾಕ್ಟರಿಂದ ಸಿಗುತ್ತಿದೆ. ವಿಕಿರಣ ಮುಗಿಯಿತಂತೆ, ತೂಕ ಇಳಿದಿದೆಯಂತೆ, ನರ್ಸುಗಳಿಗೆಲ್ಲ ಅಡ್ಡಹೆಸರು ಇಟ್ಟಿದ್ದೀಯಂತೆ.

ನಿನಗೆ ಆದದ್ದು ನಿನಗೊಬ್ಬಳಿಗೇ ಆಗಿರಲಾರದು ಅಂತ ಕಿರಣದ ಮೇಡಂ ಪಟ್ಟು ಹಿಡಿದರು. ನಿಯಮ ಬಂದ ಮೇಲೆ ನಾವು ತೀರ್ಮಾನ ಮಾಡಿದವರನ್ನೆಲ್ಲ ಆಯಾ ಊರಿನ ಡಾಕ್ಟರುಗಳು ಮತ್ತೆ ಕರೆಸಿದರು. ಬರಲಾಗದ ಕೆಲವರ ಮನೆಗೆ ನಾನೂ ಮೇಡಮ್ಮೂ ಹೋದೆವು. ಹೋಗುವಾಗ ದಾರಿಯುದ್ದಕ್ಕೂ ನನಗೆ ಒಂದೇ ಹಾರೈಕೆ, ಎಲ್ಲ ಸರಿ ಇರಲಿ ಅಂತ.

ಒಬ್ಬ ದರ್ಜಿ ಇದ್ದಾನೆ. ಕರುಳಿನ ಕ್ಯಾನ್ಸರು, ಈಗ ಪೂರ್ತಿ ವಾಸಿಯಾಗಿದೆ. ನಾವು ಬಂದೆವೆಂದು ಬಾಗಿಲಿಗೇ ಬಂದು ಕೈಮುಗಿದು ಒಳಗೆ ಕರೆದುಕೊಂಡು ಹೋದ. ಹೊಲಿಗೆ ಯಂತ್ರದ ಮೇಲೆ ಬಿಳಿ ಅಂಗಿ, ಅಂಗಿಯ ಕಾಲರಿನಲ್ಲಿ ಕೆಂಪು ಕಲೆ. ಕೇಳಿದರೆ, "ಬೆರಳು ಜೋಮು ಹಿಡಿದ ಹಾಗಿರುತ್ತೆ ಸಾರ್. ಸೂಜಿ ಚುಚ್ಚಿದ್ದು ಗೊತ್ತಾಗಲ್ಲ. ಬಟ್ಟೆ ಮೇಲೆ ರಕ್ತ ಕಂಡ್ರೆ ಗೊತ್ತಾಗೋದು" ಅಂದ. ನಗುತ್ತಲೇ ಅಂದ. "ಗುಂಡಿ ಹಾಕೋಕೂ ಈಗ ಹೆಂಡತೀನೇ ಬೇಕು. ಇರ್ಲಿ ಬಿಡಿ, ಜೀವ ಉಳಿಸಿದ್ರ‍ಲ್ಲ." ಆ ಔಷಧಿಗೆ ಬದಲು ಇನ್ನೊಂದಿತ್ತು ಅಕ್ಕಾ. ಸ್ವಲ್ಪ ಹೆಚ್ಚು ಖರ್ಚು, ಅಷ್ಟೇ. ಅವನ ಹೆಂಡತಿ ನಮಗೆ ನೀರು ಕೊಟ್ಟಳು. ಹೊರಗೆ ಬಂದ ಮೇಲೆ ಮೇಡಂ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟು ಗಟ್ಟಿ ಹೆಂಗಸು ಅಳುವುದನ್ನು ನಾನು ನೋಡಿರಲಿಲ್ಲ.

ಅಂಥವರು ಇನ್ನೂ ಸಿಕ್ಕರು. ಎಲ್ಲರ ಕಥೆ ಬರೆಯಲಾರೆ. ಯಾರೂ ನಮ್ಮನ್ನು ಬೈಯಲಿಲ್ಲ, ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ದೊಡ್ಡವರಿಗೆ ಒಂದು, ಸಣ್ಣವರಿಗೆ ಒಂದು ಆಗಬಾರದು ಅಂತ ಮಾಡಿದ ನಿಯಮ. ಈಗಲೂ ಅದು ತಪ್ಪು ಅಂತ ನನಗೆ ಅನಿಸುವುದಿಲ್ಲ, ಅದೇ ನನ್ನ ತಲೆ ಕೆಡಿಸಿರುವುದು. ಒಗೆಯುವಾಕೆಗೆ ಅನ್ಯಾಯವಾಗಬಾರದು ಅಂತ ಉದ್ಯೋಗದ ಮೇಲೆ ಗೀಟು ಎಳೆದೆ, ಆ ಗೀಟಿನ ಅಡಿ ದರ್ಜಿಯ ಬೆರಳು ಸಿಕ್ಕಿಕೊಂಡಿತು, ನಿನ್ನ ಕಿವಿ ಸಿಕ್ಕಿಕೊಂಡಿತು.

ಕೂಟದಲ್ಲಿ ಮೂರು ಬುಧವಾರ ಬರೀ ಇದೇ ಜಗಳ. ಕತ್ತರಿ ಸಾಹೇಬರು, "ಉದ್ಯೋಗ ಹಾಕಿದ ದಿನ ಮತ್ತೆ ಮಾಲೀಕರ ಹೆಂಡತಿಗೇ ಮಣೆ ಬೀಳುತ್ತೆ, ಬರೆದಿಟ್ಕೊಳ್ಳಿ" ಅಂತ ಕೂತರು. ಅದೂ ಸುಳ್ಳಲ್ಲ. ಕೊನೆಗೆ ದಾರಿ ತೋರಿಸಿದವರು ನಿಮ್ಮ ಊರಿನ ಡಾಕ್ಟರು. ಈ ಸಲ ಅವರು ಕೈ ಎತ್ತಲಿಲ್ಲ, ನೇರ ಮಾತಾಡಿದರು. "ಹೆಸರು ಬೇಡ, ಉದ್ಯೋಗಾನೂ ಬೇಡ. ಒಂದೇ ಪ್ರಶ್ನೆ ಇರ್ಲಿ. ಏನು ಹೋದ್ರೆ ಈ ಮನುಷ್ಯರಿಗೆ ಬದುಕು ನಡೆಯಲ್ಲ? ಕೈಯಾ, ಕಣ್ಣಾ, ಕಿವಿಯಾ, ದನಿಯಾ, ಕಾಲಾ? ಅದನ್ನ ರೋಗಿ ಹತ್ರ ಕೇಳಿ, ಅವರು ಹೇಳಿದ್ದನ್ನೇ ಹಾಕೋಣ." ಈಗ ಪ್ರತಿ ಕೇಸಿನಲ್ಲೂ ಅದೇ ಮೊದಲ ಸಾಲು. ಖರ್ಚಿನ ದಾರಿಯನ್ನು, ನೀನು ನಂಬುವುದಿಲ್ಲ, ಕತ್ತರಿ ಸಾಹೇಬರೇ ಹುಡುಕಿದರು. ಆರೂ ಆಸ್ಪತ್ರೆ ಬೇರೆ ಬೇರೆ ಕೊಳ್ಳುತ್ತಿದ್ದ ಔಷಧಿಯನ್ನು ಒಟ್ಟಾಗಿ ಕೊಳ್ಳುತ್ತೇವೆ ಅಂತ ಕಂಪನಿಯವರ ಮುಂದೆ ಚೌಕಾಸಿಗೆ ಕೂತರು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರ ಹಾಗೆ ಎರಡು ಸಲ ಎದ್ದು ಹೊರಟರಂತೆ. ಬೆಲೆ ಅರ್ಧಕ್ಕೆ ಇಳಿಯಿತು. ಇದನ್ನು ಮೊದಲೇ ಮಾಡಬಹುದಿತ್ತು. ಮೊದಲೇ ಮಾಡಬಹುದಿತ್ತು ಅನ್ನುವ ಮಾತು ಈಗ ನನ್ನ ಜೊತೆಯಲ್ಲೇ ಊಟಕ್ಕೆ ಕೂರುತ್ತದೆ.

ಹೋದ ವಾರ ಒಂದು ಕೇಸು ಬಂತು. ಮೊದಲ ಸಾಲಿನಲ್ಲಿ "ಕೈ" ಅಂತ ಇತ್ತು. ಒಗೆಯುವವರದೋ, ಸರ್ಜನ್ನರದೋ ಯಾರಿಗೂ ಗೊತ್ತಿಲ್ಲ. ಯಾರೂ ನಗಲಿಲ್ಲ.

ನೀನು ಬರೆಯುವವರೆಗೆ ಕಾಯುತ್ತೇನೆ.

ಡುಮ್ಮ

*

ಸೆಪ್ಟೆಂಬರ್ ೫

ಡುಮ್ಮಾ,

ಕೋಪ ಪೂರ್ತಿ ಇಳಿಯಲಿ ಅಂತ ಕಾದರೆ ನಾನು ಮುದುಕಿಯಾಗುತ್ತೇನೆ. ಮುಕ್ಕಾಲು ಇಳಿದಿದೆ. ಉಳಿದ ಕಾಲು ಭಾಗ ಇದ್ದರೆ ಇರಲಿ, ನಿನಗೆ ಒಳ್ಳೆಯದು.

ದರ್ಜಿಯ ಕಥೆ ಓದಿ ನಾನು ಅತ್ತೆ. ನನಗಾಗಿ ಅತ್ತಿರಲಿಲ್ಲ, ಅವನ ನೆಪದಲ್ಲಿ ಎರಡೂ ಆಯಿತು. ನಿನ್ನ ಮೇಲೆ ನನಗೆ ಎಲ್ಲಿ ಸಿಟ್ಟು ಗೊತ್ತಾ? ಹಳೆಯ ಔಷಧಿ ಕೊಟ್ಟದ್ದಕ್ಕಲ್ಲ. ಮೇಜು ತಟ್ಟಿ ನಗಿಸಿದ್ದಕ್ಕೆ. ಅವಳು ನಾನಲ್ಲದೆ ಬೇರೆ ಯಾರೇ ಆಗಿದ್ದರೂ ಅದು ನಗುವ ಮಾತಾಗಿರಲಿಲ್ಲ. ಇದನ್ನು ಒಂದು ಸಲ ಹೇಳಬೇಕಿತ್ತು, ಹೇಳಿದೆ. ಇನ್ನು ಎತ್ತುವುದಿಲ್ಲ.

ಅಂಗಡಿ ಮುಚ್ಚಿಲ್ಲ. ಕೆಳಗಿನ ಸ್ವರ, ನಡುವಿನ ಸ್ವರ ನಾನೇ ಮಾಡುತ್ತೇನೆ. ಮೇಲಿನದಕ್ಕೆ ಮೀಸೆಯವರು ಬರುತ್ತಾರೆ. ಅದೇ, ಪೇಟೆ ಬೀದಿಯ ಮೀಸೆಯವರು, ನನ್ನ ಗಿರಾಕಿಗಳನ್ನು ಎಳೆದುಕೊಳ್ಳಲು ಅರ್ಧ ಆಯುಷ್ಯ ಕಳೆದವರು. ಕರೆಯಲು ನಾನೇ ಹೋದೆ. ಅವರು ಏನೂ ಕೇಳದೆ ಚೀಲ ಎತ್ತಿಕೊಂಡು ಬಂದರು. ಅವರು ಕೂತು ಮೇಲಿನ ತಂತಿ ಬಿಗಿ ಮಾಡುವಾಗ ನಾನು ಹೊರಗೆ ಹೋಗಿ ನಿಲ್ಲುತ್ತೇನೆ. ಒಳಗಿದ್ದರೆ ಕೈ ಆಡುವುದು ಕಾಣುತ್ತದೆ, ಸದ್ದಿಲ್ಲ. ಅದನ್ನು ನೋಡುವುದು ಇನ್ನೂ ಅಭ್ಯಾಸವಾಗಿಲ್ಲ. ಒಳಗೆ ಬಂದ ಮೇಲೆ "ಹೇಗಿದೆ?" ಅಂತ ಅವರು ನನ್ನನ್ನು ಕೇಳುತ್ತಾರೆ. ಪಾಪ, ಮರೆತು ಕೇಳುವುದು. "ಚೆನ್ನಾಗಿದೆ" ಅನ್ನುತ್ತೇನೆ.

ಇಷ್ಟು ವರ್ಷ ನಾನು ಫೋನ್ ಎತ್ತುವುದಿಲ್ಲ, ಈ ಕಾಲದಲ್ಲಿ ಪತ್ರ ಬರೆಸಿ ಗೋಳು ಹೊಯ್ದುಕೊಳ್ಳುತ್ತೇನೆ ಅಂತ ನೀನು ಗೊಣಗುತ್ತಿದ್ದೆ. ಕಾರಣ ನಾನು ಹೇಳಿರಲಿಲ್ಲ, ಹೇಳಿದರೆ ನಗುತ್ತೀಯ ಅಂತ. ಫೋನಿನಲ್ಲಿ ಯಾರು ಮಾತಾಡಿದರೂ ಮಾತಿನ ಜೊತೆ ಮೇಲಿನ ಸ್ವರದ ಒಂದು ಸಣ್ಣ ಕೀರಲು ಸದ್ದು ಕೇಳಿಸುತ್ತಿತ್ತು, ತಗಡು ಕೆರೆದ ಹಾಗೆ. ಹಲ್ಲು ಜುಮ್ಮೆನ್ನುತ್ತಿತ್ತು. ಬೇರೆಯವರಿಗೆ ಅದು ಕೇಳಿಸುವುದೇ ಇಲ್ಲವಂತೆ. ನಿನ್ನ ದನಿಯನ್ನು ಹಾಗೆ ಕೇಳಲು ನನಗೆ ಇಷ್ಟವಿರಲಿಲ್ಲ.

ಮೊನ್ನೆ ಆಸ್ಪತ್ರೆಯಿಂದ ಫೋನ್ ಬಂತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ನಾನೇ ಎತ್ತಿದೆ. ಕನ್ನಡಕದ ಡಾಕ್ಟರ ದನಿ ಎದುರಿಗೇ ಕೂತು ಮಾತಾಡಿದ ಹಾಗೆ ಮೆತ್ತಗೆ, ಚೊಕ್ಕವಾಗಿ ಬಂತು. "ಅಮ್ಮಾ, ಸ್ಕ್ಯಾನಲ್ಲಿ ಗೆಡ್ಡೆ ಎಲ್ಲೂ ಇಲ್ಲ" ಅಂದರು. ಇನ್ನೊಂದು ಸಲ ಅಂದರು. ಸಂತೋಷಪಡಬೇಕಾದವಳು ನಾನು, ಆ ಕೀರಲು ಸದ್ದು ಎಲ್ಲಿ ಹೋಯಿತು ಅಂತ ಹುಡುಕುತ್ತಾ, ಫೋನನ್ನು ಈ ಕಿವಿಯಿಂದ ಆ ಕಿವಿಗೆ, ಆ ಕಿವಿಯಿಂದ ಈ ಕಿವಿಗೆ ಬದಲಾಯಿಸುತ್ತಾ ನಿಂತಿದ್ದೆ. ಅವರು "ಅಮ್ಮಾ, ಕೇಳಿಸ್ತಾ?" ಅಂತ ಕೇಳುತ್ತಲೇ ಇದ್ದರು.

ಇನ್ನು ನೀನು ಪತ್ರ ಬರೆಯುವ ಕಷ್ಟ ಬೇಡ. ಫೋನ್ ಮಾಡು, ಎತ್ತುತ್ತೇನೆ.

ಅಕ್ಕ